ಐವತ್ತೊಂಬತ್ತು ಸೆಕೆಂಡಿನ ಮಿಡಿತ

೧೯೮೩ರ ಅಕ್ಟೋಬರ್ ಹತ್ತು, ಸೋಮವಾರ. ಬೆಳಗಿನ ಐದು ಗಂಟೆ ಮೂವತ್ತೊಂದು ನಿಮಿಷಕ್ಕೆ ಚನ್ನರಾಯಪ್ಪ ಹುತ್ತೂರಿನಾಚೆಯ ರೇಡಿಯೋ ವೀಕ್ಷಣಾ ಕೇಂದ್ರದಲ್ಲಿ ಕೂತು, ಉರುಳುವ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ ಪೆನ್ನನ್ನೇ ನೋಡುತ್ತಿದ್ದ. ಪೆನ್ನು ಒಮ್ಮೆ ಮೇಲಕ್ಕೆ ಚಿಮ್ಮಿತು. ಐವತ್ತೊಂಬತ್ತು ಸೆಕೆಂಡು ಕಳೆದು ಇನ್ನೊಮ್ಮೆ ಚಿಮ್ಮಿತು.

ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿದವನು ಏಳು ವರ್ಷದಿಂದ ಇಲ್ಲಿ ವೀಕ್ಷಕ. ಮಿಥುನ ರಾಶಿಯಲ್ಲಿ ಕಿರಣ ಸೂಸುವ ವಿಚಿತ್ರ ಆಕರವೊಂದಿತ್ತು. ಉಪಗ್ರಹಗಳಿಗೆ ಅದು ಗಾಮಾ ಕಿರಣಗಳಲ್ಲಿ ಧಗಧಗಿಸುತ್ತಿತ್ತು, ಎಕ್ಸ್-ರೇಯಲ್ಲಿ ಮಂಕು ಚುಕ್ಕಿ. ರೇಡಿಯೋದಲ್ಲಿ ಮಾತ್ರ ಮೌನ. ಅದು ಐವತ್ತೊಂಬತ್ತು ಸೆಕೆಂಡಿಗೊಮ್ಮೆ ಮಿಡಿಯುತ್ತದೆಂದು ಕೆಲವರು ಹೇಳುತ್ತಿದ್ದರು. ಆಕರ ನೆತ್ತಿಯ ಹತ್ತಿರವಿರುವ ಅರ್ಧ ಗಂಟೆ ಮಾತ್ರ ಕೇಂದ್ರದ ಪೆನ್ನು ಓಡುತ್ತಿತ್ತು. ಆರು ದಿನದಿಂದ ಕಾಗದದ ಮೇಲೆ ಅದೇ ಅಂತರದ ಮಿಡಿತ. ಮುಖ್ಯಸ್ಥ ವೆಂಕಟರಮಣಪ್ಪ ಈ ಶೋಧ ತಿಳಿಸಲು ಬೊಂಬಾಯಿಯ ವಿಜ್ಞಾನಿಗಳಿಗೆ ಪತ್ರ ಟೈಪು ಮಾಡಿಸಿ, ಚನ್ನರಾಯಪ್ಪನ ಹೆಸರನ್ನೂ ಸೇರಿಸಿದ್ದರು. ಏಳು ಗಂಟೆಯ ಬಸ್ಸಿಗೆ ಅದು ಹೊರಡಬೇಕಿತ್ತು.

ಹಿಂದಿನ ಸಂಜೆ, ಎರಡು ಫರ್ಲಾಂಗು ದೂರದ ತನ್ನ ಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆ ನೋಡುತ್ತಿದ್ದಾಗ ‘ಟಿಕ್’ ಎಂದಿತು. ಮರಿಹುಳುಗಳು ಬೆಚ್ಚಗಿರಲೆಂದು ಅವನೇ ಕಟ್ಟಿದ್ದ ಕರೆಂಟ್ ಒಲೆ. ಹಳೇ ಇಸ್ತ್ರಿಪೆಟ್ಟಿಗೆಯ ಲೋಹದ ಪಟ್ಟಿ ಕಾದಾಗ ಬಾಗಿ, ಟಿಕ್ಕೆಂದು ಕಿಡಿ ಹಾರಿಸಿ ಕರೆಂಟು ಕಡಿಯುತ್ತಿತ್ತು, ಆರಿದಾಗ ಸದ್ದಿಲ್ಲದೆ ಮತ್ತೆ ಕೂಡಿಸುತ್ತಿತ್ತು. ಅಂಥ ಕಿಡಿಯನ್ನೂ ಕೇಂದ್ರದ ಆಂಟೆನಾ ಹಿಡಿಯಬಲ್ಲದೆಂದು ಅವನಿಗೆ ಗೊತ್ತಿತ್ತು. ಅಭ್ಯಾಸಬಲದಿಂದ ಎಣಿಸಿದ. ಮುಂದಿನ ಟಿಕ್ಕಿಗೆ ಐವತ್ತೊಂಬತ್ತು. ಒಲೆ ಹಾಕಿ ಆರು ದಿನವಾಗಿತ್ತು.

“ಬೆಳಿಗ್ಗೆ ಐದು ಮೂವತ್ತೆಂಟಕ್ಕೆ ಹತ್ತು ನಿಮಿಷ ಸ್ವಿಚ್ ಆರ್ಸೇ,” ಎಂದ ಹೆಂಡತಿ ಆದಿಲಕ್ಷ್ಮಿಗೆ.

ಹುಳು ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. “ಹುಳ ಎರಡನೇ ಜ್ವರಕ್ಕೆ ಕೂತವೆ,” ಎಂದಳು. “ಚಳಿ ಹೊಡೆದ್ರೆ ನಿಮ್ ನಕ್ಷತ್ರ ಬಂದು ಗೂಡು ಕಟ್ತದಾ?”

“ಹತ್ತೇ ನಿಮಿಷ ಕಣೇ. ಟೈಂಪೀಸ್ ನೋಡ್ಕೊಂಡು ಮಾಡು.”

“ಆಫೀಸಲ್ಲಿ ಏನಾದ್ರೂ ಎಡವಟ್ಟಾ?”

“ನಾಳೆ ಗೊತ್ತಾಗ್ತದೆ.”

ಈಗ ಐದು ಮೂವತ್ತೇಳು. ಪೆನ್ನು ಚಿಮ್ಮಿತು. ಆಕರ ನೆತ್ತಿ ಮುಟ್ಟಿತು. ಮೂವತ್ತೆಂಟು ದಾಟಿತು, ಮೂವತ್ತೊಂಬತ್ತು, ನಲವತ್ತು. ಚಿಮ್ಮಲಿ ಎಂದು ಅವನ ಮನಸ್ಸು ಬೇಡುತ್ತಿತ್ತು. ಗೆರೆ ನೂಲು ಹಿಡಿದಂತೆ ನೇರವಾಗಿ ಹೋಯಿತು. ನಲವತ್ತೆಂಟು ಆಗುತ್ತಲೇ ಮತ್ತೆ ಚಿಮ್ಮಿತು.

ಆರೂವರೆಗೆ ವೆಂಕಟರಮಣಪ್ಪ ಲಕೋಟೆ ಹಿಡಿದು ಬಂದರು. “ಯಾಕಪ್ಪಾ, ಮುಖ ಹಿಂಗಿದೆ? ಬೊಂಬಾಯಿಯವ್ರು ಶಾಲು ಹೊದಿಸ್ತಾರೆ ಅಂತ ಹೆದರಿಕೇನಾ?”

ಚನ್ನರಾಯಪ್ಪ ಕಾಗದ ಬಿಡಿಸಿ ಮೇಜಿನ ಮೇಲೆ ಹಾಸಿದ. ಒಲೆ, ಇಸ್ತ್ರಿಪೆಟ್ಟಿಗೆಯ ಪಟ್ಟಿ, ಹೆಂಡತಿಯ ಟೈಂಪೀಸು, ಒಂದನ್ನೂ ಬಿಡದೆ ಹೇಳಿದ. ವೆಂಕಟರಮಣಪ್ಪ ಬಹಳ ಹೊತ್ತು ಸ್ಕೇಲು ಇಟ್ಟು ಅಳೆದರು. ಆಮೇಲೆ ಲಕೋಟೆಯನ್ನು ಮಡಿಸಿ ಜೇಬಿಗಿಟ್ಟು, ಬಿಳಿ ಹಾಳೆ ಎಳೆದುಕೊಂಡರು.

“ಒಲೆ ಆರಿದ್ದಾಗ ಆಕರ ನೆತ್ತಿ ಮೇಲೇ ಇತ್ತಲ್ವಾ?”

“ಇತ್ತು ಸಾರ್.”

“ಹಂಗಾದ್ರೆ ಅದನ್ನೇ ಬರೆಯೋಣ. ಆ ಹತ್ತು ನಿಮಿಷಕ್ಕೆ ಎಷ್ಟು ಮಿಡಿತ?”

ಚನ್ನರಾಯಪ್ಪ ಮೂರು ಸಲ ನೋಡಿದ್ದ. ಆದರೂ ಇನ್ನೊಮ್ಮೆ ಗೆರೆಯುದ್ದಕ್ಕೂ ಬೆರಳಾಡಿಸಿದ.

“ಸೊನ್ನೆ, ಸಾರ್.”