ಮೆಣಸಿನಕಾಳಿನಷ್ಟು ಮಂಗಳ

ನನ್ನ ಮದುವೆಯನ್ನು ಎರಡು ಸಲ ತಪ್ಪಿಸಿದ್ದು ಒಂದು ಮೆಣಸಿನಕಾಳು. ಜಾತಕದಲ್ಲಿ ಅದರ ಹೆಸರು ಮಂಗಳ. ಎಂಟನೇ ಮನೆಯಲ್ಲಿ ಕೂತಿದ್ದಾನೆ, ಗಂಡನಿಗೆ ಆಗಿಬರುವುದಿಲ್ಲ ಎಂದು ಪಂಚಾಂಗ ನೋಡುವ ಐನಾರು ಹೇಳಿದ್ದರು. ಅವನನ್ನು ಮೆಣಸಿನಕಾಳು ಮಾಡಿದವಳು ಮಾತ್ರ ನಾನೇ.

ಆಗ ನಾನು ವಾಸ್ಕೊ ಬಂದರಿನ ಪಕ್ಕದ ಸಡಾ ಗುಡ್ಡದ ಮೇಲಿನ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಂದರಿನ ಕೂಲಿಗೆ, ಕಟ್ಟಡದ ಕೆಲಸಕ್ಕೆ ಎಂದು ವಿಜಯಪುರದ ಕಡೆಯಿಂದ ಬಂದವರ ಮಕ್ಕಳೇ ಅಲ್ಲಿ ಹೆಚ್ಚು. ನಾನೂ ಹಾಗೆ ಬಂದವರ ಮಗಳೇ. ಗ್ರಹಗಳ ಪಾಠ ಬಂತೆಂದರೆ ಪುಸ್ತಕದ ಚಿತ್ರ ನೋಡಿ ನನಗೆ ಸಿಟ್ಟು ಬರುತ್ತಿತ್ತು. ಎಂಟೂ ಗ್ರಹಗಳನ್ನು ಮದುವೆ ಫೋಟೋದಲ್ಲಿ ಬೀಗರನ್ನು ನಿಲ್ಲಿಸಿದ ಹಾಗೆ ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ. ಅದಕ್ಕೇ ಒಂದು ವರ್ಷ ಅಡುಗೆಮನೆಯ ಡಬ್ಬಿಗಳಿಗೆ ಕೈಹಾಕಿದೆ.

ಭೂಮಿ ಒಂದು ದಪ್ಪ ಕಡಲೆಕಾಳು. ಶುಕ್ರನೂ ಹೆಚ್ಚೂಕಡಿಮೆ ಅಷ್ಟೇ, ಅವನಿಗೂ ಒಂದು ಕಡಲೆ. ಮಂಗಳನ ಅಗಲ ಭೂಮಿಯ ಅರ್ಧ, ಹಾಗಾಗಿ ಮೆಣಸಿನಕಾಳು. ಬುಧನಿಗೆ ಸಾಸಿವೆಯಲ್ಲೇ ದಪ್ಪನೆಯದನ್ನು ಹುಡುಕಿದೆ. ಗುರುವಿನ ಅಗಲಕ್ಕೆ ಹನ್ನೊಂದು ಕಡಲೆ ಸಾಲಾಗಿ ಇಡಬೇಕು. ಸುಲಿದ ತೆಂಗಿನಕಾಯಿಯೊಂದು ಸರಿಹೋಯಿತು. ಶನಿ ಮೋಸಂಬಿ, ಯುರೇನಸ್ಸು ನೆಪ್ಚೂನು ಎರಡು ಸಣ್ಣ ಲಿಂಬೆಹಣ್ಣು. ಸೂರ್ಯನಿಗೆ ತಕ್ಕದ್ದು ಯಾವ ಡಬ್ಬಿಯಲ್ಲೂ ಸಿಗದೆ, ತರಗತಿಯ ಬಾಗಿಲು ತೋರಿಸಿ, ಇದರಷ್ಟು ಅಗಲದ ಚೆಂಡು ಎಂದೆ.

ಆಮೇಲೆ ಮಕ್ಕಳನ್ನು ಕರೆದುಕೊಂಡು ಆ ಬಾಗಿಲಿನಿಂದ ನಡೆದೆ. ನೂರಿಪ್ಪತ್ತೈದು ಹೆಜ್ಜೆಗೆ ನಮ್ಮ ಭೂಮಿ. ಅದು ಸರಿಯಾಗಿ ಓಣಿಯ ನಲ್ಲಿಯ ಕಟ್ಟೆಗೆ ಬಂತು. ಇನ್ನೂ ಅರವತ್ತೈದು ಹೆಜ್ಜೆ ಇಳಿದ ಮೇಲೆ ಮೆಣಸಿನಕಾಳು ಇಟ್ಟೆವು. ಲಿಂಬೆಹಣ್ಣಿನ ತನಕ ಹೋಗಲಿಲ್ಲ, ಹೋಗಿದ್ದರೆ ವಾಸ್ಕೊ ಪೇಟೆಯ ಹತ್ತಿರ ಬರುತ್ತಿತ್ತು. ಮೆಣಸಿನಕಾಳಿನ ಹತ್ತಿರ ನಿಂತು ನೋಡಿದರೆ ನಲ್ಲಿಯ ಕಟ್ಟೆಯೇ ಚಿಕ್ಕದಾಗಿ ಕಾಣುತ್ತಿತ್ತು, ಕಡಲೆಯಂತೂ ಕಾಣಲೇ ಇಲ್ಲ. ಇಷ್ಟು ದೂರದಿಂದ ಇಷ್ಟು ಸಣ್ಣದು ನನ್ನ ಮದುವೆ ಮುರಿಯುತ್ತದಲ್ಲ ಎಂದು ಮೈ ಉರಿಯಿತು.

ಸಂಜೆ ಮೋಸಂಬಿ ಸುಲಿಯುತ್ತಾ, ಶನಿ ಸೂರ್ಯನನ್ನು ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕು ಎಂದು ಅವ್ವನಿಗೆ ಹೇಳಿದೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

"ಅದನ್ನ ಬುಕ್ಕಿನ್ಯಾಗ ಓದಬೇಕೇನು?" ಎಂದಳು. "ಎರಡೂವರಿ ವರ್ಷಕ್ಕ ಒಂದ್ ಮನಿ, ಹನ್ನೆರಡು ಮನಿ. ನೀನ ಲೆಕ್ಕಾ ಹಾಕು. ಶನಿ ಒಂದ್ ಸುತ್ತು ಮುಗಿಸಿ ಬರಾಕತ್ತಾನ, ನೀ ಇನ್ನೂ ಇದ್ದ ಮನ್ಯಾಗ ಅದೀ."

ನನಗೆ ಆಗ ಇಪ್ಪತ್ತೊಂಬತ್ತು.

ಹುಟ್ಟಿದ ಹೊತ್ತಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನು ಹುಟ್ಟಿದ್ದು ಇದೇ ಸಡಾದ ತಗಡಿನ ಮನೆಯಲ್ಲಿ, ಬಂದರಿನ ಮಧ್ಯಾಹ್ನದ ಪಾಳಿ ಬದಲಾಗುವ ಮೂರು ಗಂಟೆಯ ಭೋಂಗಾ, ಅಂದರೆ ಸೈರನ್ನು, ಕೂಗಿದಾಗ. ಹಾಗೆಂದು ಹೇಳುತ್ತಿದ್ದವರು ಅಪ್ಪ. ಬಂದರಿನಲ್ಲಿ ಅದಿರು ತುಂಬುವ ಕೆಲಸ ಅವರದು. "ನನ್ನ ಮಗಳು ಹುಟ್ಟಿದ್ದಕ್ಕ ಬಂದರ ಭೋಂಗಾ ಹೊಡದೈತ್ರಿ" ಎಂದು ಬಂದವರಿಗೆಲ್ಲ ಹೇಳುವರು. ಪ್ರತಿ ಹುಟ್ಟುಹಬ್ಬದಂದು ಮೂರರ ಭೋಂಗಾಕ್ಕೆ ಕಾದಿದ್ದು, ಅದು ಕೂಗುವಾಗಲೇ ನನ್ನ ಬಾಯಿಗೆ ಬೆಲ್ಲದ ಚೂರು ಹಾಕುವರು. ಬೇರೆ ಪಾಳಿಯಿದ್ದರೆ ಅದಲುಬದಲು ಮಾಡಿಕೊಂಡಾದರೂ ಬರುವರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಮೂರನೇ ಸಂಬಂಧ ಬಂದದ್ದು ಬಂದರಿನಿಂದ ದೂರದ, ಗಣಿಗಳ ಕಡೆಯ ಕುಡಚಡೆಯಿಂದ. ಹುಡುಗ ಅದಿರು ಲಾರಿಗಳ ಗ್ಯಾರೇಜು ಇಟ್ಟಿದ್ದರು. ತಾಯಿಯ ಜೊತೆ ನೋಡಲು ಬಂದವರು, ಕಿಟಕಿಯಲ್ಲಿದ್ದ ನನ್ನ ಕಾಳಿನ ತಟ್ಟೆ ನೋಡಿ ಇದೇನೆಂದು ಕೇಳಿದರು. ಹೇಳಿದೆ.

"ಇದ್ರಾಗ ಮಂಗಳ ಯಾವುದ್ರಿ?"

"ಆ ಮೆಣಸಿನಕಾಳ್ರಿ."

"ಅದಕ್ಕ ಅಷ್ಟು ಖಾರ ಏನ್ರಿ," ಎಂದರು. ಚಹಾ ಕೊಡಲು ಬಂದವಳು ಅಲ್ಲೇ ನಕ್ಕುಬಿಟ್ಟೆ. ಮೊದಲಿನ ಇಬ್ಬರು ತಪ್ಪಿಹೋದಾಗ ನನಗೆ ಅವಮಾನವಾಗಿತ್ತು ಅಷ್ಟೇ. ಇವರು ತಪ್ಪಿಹೋಗಬಾರದು ಅನ್ನಿಸಿತು. ಅನ್ನಿಸಿದ್ದಕ್ಕೆ ಭಯವೂ ಆಯಿತು.

ಹೊರಡುವಾಗ ಅವರ ತಾಯಿ, "ಹುಡುಗಿ ಹುಟ್ಟಿದ ದಿನ, ವ್ಯಾಳ್ಯಾ ಒಂದ್ ಚೀಟಿ ಮ್ಯಾಲ ಬರದ್ ಕಳಸ್ರಿ. ನಮ್ಮ ಐನಾರ ಕಡೆ ತೋರಸ್ತೇವಿ. ಕೂಡಿ ಬಂದ್ರ ಮುಂದಿನ ಮಾತು," ಎಂದರು.

ಮರುದಿನ ಚೀಟಿ ಬರೆಯಲು ಕೂತೆ. ದಿನ ಬರೆದೆ. ಮೂರು ಗಂಟೆ ಎಂದು ಬರೆಯುವ ಮೊದಲು ಪೆನ್ನು ನಿಂತಿತು. ಬರೆದರೆ ಮಂಗಳ ಮತ್ತೆ ಎಂಟನೇ ಮನೆಗೆ ಬಂದು ಕೂರುತ್ತಾನೆ. ಅವ್ವ ಜೋಳ ಹಸನು ಮಾಡುತ್ತಾ ನನ್ನನ್ನೇ ನೋಡುತ್ತಿದ್ದಳು.

"ಒಂದು ಗಂಟಿ ಅಂತ ಬರಿ," ಎಂದಳು.

"ಸುಳ್ಳು ಬರೀಲೇನಬೇ?"

"ಸುಳ್ಳಲ್ಲ. ನೀ ಹುಟ್ಟಿದಾಗ ನಳಾ ಬಂದಿತ್ತು."

ನಮ್ಮ ಓಣಿಗೆ ನೀರು ಬರುತ್ತಿದ್ದದ್ದು ಮಧ್ಯಾಹ್ನ ಒಂದಕ್ಕೆ, ಹತ್ತಿಪ್ಪತ್ತು ನಿಮಿಷ. ಗಂಡಸರ ಗಡಿಯಾರ ಭೋಂಗಾ, ಹೆಂಗಸರದು ನಲ್ಲಿ. ನಾನು ಅತ್ತಾಗ ಹೊರಗೆ ಕೊಡಗಳ ಸದ್ದು ಕೇಳುತ್ತಿತ್ತಂತೆ. ಸೂಲಗಿತ್ತಿ ಓಡಿಹೋಗಿ ಅದೇ ನೀರು ಹಿಡಿದು ತಂದು, ಕಾಸಿ ನನಗೆ ಎರೆದಳಂತೆ. ನೋವು ಶುರುವಾದ ಸುದ್ದಿ ಅಪ್ಪನಿಗೆ ಮುಟ್ಟಿದ್ದೇ ತಡವಾಗಿ. ಪಾಳಿ ಬಿಟ್ಟು ಗುಡ್ಡ ಹತ್ತಿ ಓಡಿಬಂದು ಹೊಸ್ತಿಲ ಮೇಲೆ ನಿಂತರು, ಮೈತುಂಬ ಅದಿರಿನ ಕೆಂಪು ಧೂಳು. ಅದೇ ಹೊತ್ತಿಗೆ ಭೋಂಗಾ ಕೂಗಿತು.

"ಈಗ ಹುಟ್ಟಿತೇನು ಅಂತ ಕೇಳಿದ್ರು. ಸೂಲಗಿತ್ತಿ ಅವರ ಮಾರಿ ನೋಡಿ, ಹೂನ್ರಿ, ಈಗ ಅಂದ್ಳು. ಏನು ಖುಷಿಯಾದ್ರು ಅವರು. ನಾ ಹ್ಯಾಂಗ ಇಲ್ಲ ಅನ್ನಲಿ?"

"ಎರಡು ಸಂಬಂಧ ತಪ್ಪಿತಲ್ಲವ್ವಾ. ಅವಾಗರೆ ಹೇಳಬೇಕಿತ್ತಲ್ಲ."

"ಅವಾಗ ಅವರು ಬಾಜೂಕ ಕುಂತಿದ್ರು," ಎಂದಳು. ಜೋಳದ ಮೊರ ಕೆಳಗಿಟ್ಟು, "ನಿನಗ ಅನ್ಯಾಯ ಮಾಡೀನಿ. ಗೊತ್ತೈತಿ ನನಗ," ಎಂದಳು.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಎದ್ದು ಹೋಗಿ ನಲ್ಲಿಯ ಕಟ್ಟೆಯ ಮೇಲೆ ಕೂತೆ. ಅಲ್ಲಿ ಕೂತಾಗ ಧೂಳು ಮೆತ್ತಿಕೊಂಡು ಓಡಿಬರುವ ಅಪ್ಪನೇ ಕಣ್ಣಿಗೆ ಬಂದರು. ವಾಪಸು ಬಂದು ಚೀಟಿಯಲ್ಲಿ ಒಂದು ಗಂಟೆ ಎಂದು ಬರೆದೆ. ಬದುಕಿದ್ದಷ್ಟು ದಿನ ಹೊತ್ತಿಗೆ ಸರಿಯಾಗಿ ಬಂದ ಮನುಷ್ಯನನ್ನು ನಾನು ಎರಡು ತಾಸು ತಡಮಾಡಿದ್ದೆ.

ಎರಡು ತಾಸಿಗೆ ಮಂಗಳ ಒಂದು ಮನೆ ಸರಿದ. ಒಂಬತ್ತನೇ ಮನೆಯಲ್ಲಿ ಅವನ ಕಾಟವಿಲ್ಲವಂತೆ. ಎರಡು ತಿಂಗಳಲ್ಲಿ ಮದುವೆಯಾಯಿತು. ಭೋಂಗಾದ ಕಥೆಯನ್ನೂ ನಲ್ಲಿಯ ಕಥೆಯನ್ನೂ ಗಂಡನಿಗೆ ಹೇಳಿದೆ. ಅವರು, "ನಿಮ್ಮಪ್ಪನ್ನ ನೋಡಬೇಕಿತ್ತು" ಎಂದರು.

ಕುಡಚಡೆಯಲ್ಲಿ ಭೋಂಗಾ ಕೇಳುವುದಿಲ್ಲ. ಮದುವೆಯ ನಂತರದ ಮೊದಲ ಹುಟ್ಟುಹಬ್ಬದಂದು, ಮಧ್ಯಾಹ್ನ ಒಂದು ಗಂಟೆಗೆ ಅವ್ವ ಫೋನು ಮಾಡಿಯಾಳೆಂದು ಕಾದೆ. ಮಾಡಲಿಲ್ಲ. ಮರೆತಳೆಂದುಕೊಂಡು ಬಟ್ಟೆ ಒಣಹಾಕಲು ಹೋದೆ. ಮೂರಕ್ಕೆ ಒಂದು ನಿಮಿಷವಿರುವಾಗ ಫೋನು ಬಂತು. ಅವ್ವ ಹಲೋ ಅನ್ನಲಿಲ್ಲ, ನಾನು ಕೂಗಿದರೂ ಮಾತಾಡಲಿಲ್ಲ. ಗಾಳಿಯ ಸದ್ದು, ದೂರದಲ್ಲಿ ಯಾರೋ ಕೊಡ ಇಟ್ಟ ಸದ್ದು. ಫೋನನ್ನು ಹೊಸ್ತಿಲ ಹೊರಗೆ ಎತ್ತಿ ಹಿಡಿದು ನಿಂತಿದ್ದಾಳೆಂದು ತಿಳಿಯುವಷ್ಟರಲ್ಲಿ ಭೋಂಗಾ ಶುರುವಾಯಿತು.

ಒಳಗೆ ಹೋಗಿ ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡೆ.

ಊಟಕ್ಕೆ ಬಂದಿದ್ದ ಗಂಡ, "ಯಾರದು ಫೋನು?" ಎಂದು ಕೇಳಿದರು.

"ಅಪ್ಪಂದು," ಎಂದೆ.