ಅತ್ತಿ ಆರಿಸಿದ ಸಣ್ಣ ಗಾಡಿ

ಅತ್ತಿಯ ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು, ನಾದಿಟ್ಟ ಕಣಕದ ಮೇಲೆ ಬೆರಳಿಟ್ಟ ಹಾಗೆ. ಆ ಕುಳಿ ಮೆಲ್ಲಗೆ ತುಂಬಿ ಮೇಲೆ ಬರುವುದನ್ನು ಅವಳೇ ಬಗ್ಗಿ ನೋಡುತ್ತಿದ್ದಳು. ಮಾತಾಡಿಸಲು ಬಂದವರಿಗೂ ಒತ್ತಿ ತೋರಿಸುತ್ತಿದ್ದಳು.

"ನೋಡ ಬೇ, ಮಡ್ಯಾಗ ನೀರ ನಿಂತಂಗ ಆಗೇತಿ. ಬರೂದಕ್ಕ ದಾರಿ ಐತಿ, ಹೋಗೂದಕ್ಕ ಇಲ್ಲ."

ಕಿಡ್ನಿ ಎರಡೂ ಕೆಲಸ ಬಿಟ್ಟಿದ್ದವು. ಅವಳಿಗೆ ಅದು ಗೊತ್ತಿತ್ತು. ಡಾಕ್ಟರು ಹೇಳಿದ್ದಕ್ಕಿಂತ ಈ ಹೊಲದ ಮಡಿಯ ಲೆಕ್ಕದಲ್ಲೇ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ಅವಳು ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳು ತಮ್ಮನ ಮನೆಯಲ್ಲಿ ಬಹಳ ದಿನ ಇರಲಿಲ್ಲ. ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಎಮ್ಮೆ ಕಟ್ಟಿದಳು, ಡೇರಿಗೆ ಹಾಲು ಹಾಕಿದಳು, ನಿಧಾನಕ್ಕೆ ಎರಡು ಖೋಲಿ ಕಟ್ಟಿಸಿದಳು. ಮುಂದೆ ಒಂದು ಕಟ್ಟೆ, ಬಾಗಿಲಿಗೆ ಕಲ್ಲಿನ ಹೊಸ್ತಿಲು. ನಮ್ಮ ಊರು ರಾಯಬಾಗದಿಂದ ಕಬ್ಬೂರಿನ ಕಡೆ ಹೋಗುವ ದಾರಿಯಲ್ಲಿದೆ. ದಾರಿಯಲ್ಲಿ ಹೋಗುವ ಯಾರಾದರೂ ಆ ಖೋಲಿಗಳನ್ನು ತೋರಿಸಿ ಅಪ್ಪನ ಹೆಸರು ಹೇಳಿದರೆ ಅವಳು ಕಟ್ಟೆಯ ಮೇಲಿಂದಲೇ ತಿದ್ದುತ್ತಿದ್ದಳು. "ಅವಂದಲ್ಲ. ನಂದು."

ನನಗೆ ಕಾರಿನ ಹುಚ್ಚು. ಯಾರೂ ಕಲಿಸಿದ್ದಲ್ಲ. ಎಲ್ಲಾ ಫೋನಿನಲ್ಲಿ ವಿಡಿಯೊ ನೋಡಿಯೇ ಕಲಿತದ್ದು. ಯಾವ ಎಂಜಿನ್ನಿಗೆ ಎಷ್ಟು ಸಿಸಿ, ಯಾವುದಕ್ಕೆ ಟೈಮಿಂಗ್ ಬೆಲ್ಟು, ಯಾವುದಕ್ಕೆ ಚೈನು ಎಂದು ಕಾರು ಮುಟ್ಟುವುದಕ್ಕಿಂತ ಮೊದಲೇ ಬಾಯಿಪಾಠ ಹೇಳುತ್ತಿದ್ದೆ. ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಬೈಕು ಇದೆ, ಟ್ರಾಕ್ಟರು ಇದೆ, ಇನ್ನೇನು ಬೇಕು ಎನ್ನುವುದು ಅವನ ವಾದ. ಅಷ್ಟರಲ್ಲಿ ಅತ್ತಿಗೆ ವಾರಕ್ಕೆ ಎರಡು ಸಲ ಮಿರಜಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ಬಸ್ಸು ಬದಲಿಸಿ ಬದಲಿಸಿ ಹೋಗಬೇಕು. ಬರುವಾಗ ಅವಳಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಒಂದು ಸಲ ಕುಡಚಿಯ ಬಸ್‌ಸ್ಟ್ಯಾಂಡಿನಲ್ಲಿ ನೆಲದ ಮೇಲೆಯೇ ಮಲಗಿಬಿಟ್ಟಳು. ಅವತ್ತು ಅಪ್ಪ ನನ್ನ ಹತ್ತಿರ ಬಂದು, ಮುಖ ಬೇರೆ ಕಡೆ ಮಾಡಿಕೊಂಡು, "ಯಾವುದರ ಒಂದು ಗಾಡಿ ನೋಡು" ಅಂದ. ನನ್ನ ಆಸೆಗೂ ಅವಳ ಕಾಯಿಲೆಗೂ ಒಂದೇ ಗಾಡಿ ಸಾಕಾಯಿತು.

ನಿಪ್ಪಾಣಿಯ ಸೆಕೆಂಡ್‌ಹ್ಯಾಂಡ್ ಗಾಡಿಗಳ ಅಂಗಳದಲ್ಲಿ ಒಂದು ಉದ್ದನೆಯ ಡೀಸೆಲ್ ಕಾರಿನ ಮೇಲೆ ನನ್ನ ಕಣ್ಣಿತ್ತು. ಕಪ್ಪು ಬಣ್ಣ, ಅಲಾಯ್ ಚಕ್ರ, ಹಿಂದೆ ದೊಡ್ಡ ಡಿಕ್ಕಿ. ಅತ್ತಿ ನಾನೂ ಬರುತ್ತೇನೆ ಎಂದು ಹಟ ಹಿಡಿದಳು.

"ಕುಂಡ್ರಾಕಿ ನಾನು. ನಾ ನೋಡದನ ತರ್ತೀಯೇನ ಲೇ?"

ಅಂಗಳದವನು ಅವಳಿಗೆ ಕುರ್ಚಿ ಹಾಕಿಸಿದ. ಅವಳು ಕೂರಲಿಲ್ಲ. ನನ್ನ ಕಪ್ಪು ಕಾರಿನ ಸುತ್ತ ಒಂದು ಸುತ್ತು ಹಾಕಿ ಬಾನೆಟ್ಟಿನ ಮೇಲೆ ಕೈಯಾಡಿಸಿದಳು. ಜಾನುವಾರು ಸಂತೆಯಲ್ಲಿ ಎಮ್ಮೆಯ ಬೆನ್ನು ಸವರಿ ನೋಡುವ ಕೈ ಅದು.

"ಇದು ಏಸು ತಿಂತೈತಿ, ಏಸು ಕೊಡತೈತಿ?"

"ಆಯಿ, ಡೀಸೆಲ್ ಗಾಡಿ ಇದು. ರೋಡಿನ ಮ್ಯಾಲ ಹುಲಿ ಓಡಿದಂಗ ಓಡತೈತಿ ನೋಡ್ರಿ," ಅಂದ ಅವನು.

"ಹುಲಿ ತಗೊಂಡ ಏನ ಮಾಡೂದೋ ಯಪ್ಪಾ. ಬ್ಯಾನಿ ಬಂದರ ಯಾರ ನೋಡತಾರ ಇದನ್ನ? ರಾಯಬಾಗದಾಗ ಇದರ ಡಾಕ್ಟರ್ ಅದಾನೇನ?"

ಅವನು ಕೊಲ್ಲಾಪುರದ ಹೆಸರು ಹೇಳಿದ. ಅತ್ತಿ ನನ್ನ ಕಡೆ ತಿರುಗಿ, "ನನಗ ಮಿರಜ, ಇದಕ್ಕ ಕೊಲ್ಲಾಪುರ. ನೀ ಹೊಲಕ್ಕ ಯಾವಾಗ ಹೋಗಾಂವ?" ಅಂದಳು.

ಗೋಡೆಯ ಬದಿಯಲ್ಲಿ ಧೂಳು ಹಿಡಿದು ನಿಂತಿದ್ದ ಬಿಳಿ ಬಣ್ಣದ ಸಣ್ಣ ಪೆಟ್ರೋಲ್ ಕಾರನ್ನು ಆರಿಸಿದವಳು ಅವಳೇ. ಎಂಟುನೂರು ಸಿಸಿ. ಬಾಗಿಲು ಹಾಕಿದರೆ ಎಣ್ಣೆ ಡಬ್ಬಿಯ ಮುಚ್ಚಳ ಬಡಿದ ಸಪ್ಪಳ. ಅತ್ತಿ ಮುಂದಿನ ಸೀಟಿನಲ್ಲಿ ಕೂತು ಊದಿದ ಪಾದಗಳನ್ನು ಕೆಳಗೆ ಊರಿ ನೋಡಿದಳು. ಎರಡೂ ಸಪಾಟಾಗಿ ಕೂತವು.

"ನನಗ ಇದು ಸಾಕು. ನಿನಗೂ ಇದ ಸಾಕು. ಎಲ್ಲಿರ ಗುದ್ದಿ ಕಲೀಬೇಕಲ, ಇದರಾಗ ಕಲಿ."

"ಆಯಿಗೊಂದು ಲೈಸನ್ಸ್ ಮಾಡಿಸಿಬಿಡ್ರಿ," ಎಂದು ಅಂಗಳದವನು ನಕ್ಕ.

ಮನೆ ಮುಟ್ಟುವವರೆಗೂ ನನಗೆ ಆ ಕಪ್ಪು ಕಾರಿನದೇ ಧ್ಯಾನ. ಆದರೆ ಈಗ ಮೊದಲ ಕಾರು ಕೊಳ್ಳುವ ಹುಡುಗರು ನನ್ನನ್ನು ಕೇಳಿದರೆ ನಾನು ಹೇಳುವುದು ಅವಳ ಮಾತನ್ನೇ. ಎಂಜಿನ್ ಸಣ್ಣದಿರಲಿ. ಸಾಮಾನು ನಿಮ್ಮ ತಾಲ್ಲೂಕಿನಲ್ಲೇ ಸಿಗಲಿ. ವಿಮೆ ಕಡಿಮೆ ಬೀಳುತ್ತದೆ, ಟೈರು ಅಗ್ಗ, ಕೆಟ್ಟು ನಿಂತರೆ ಹಾದಿಯಲ್ಲಿ ಸಿಕ್ಕ ಯಾವ ಮೆಕ್ಯಾನಿಕ್ ಬೇಕಾದರೂ ಬಾನೆಟ್ ಎತ್ತುತ್ತಾನೆ. ಗೀರು ಬಿದ್ದರೆ ಹೊಟ್ಟೆ ಉರಿಯುವುದಿಲ್ಲ. ಹೊಸದಾಗಿ ಕಲಿಯುವವನಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡ. ಹೀಗೆಂದು ನಾನೇ ಹೇಳುತ್ತೇನೆ.

ನಿಜ ಹೇಳಬೇಕೆಂದರೆ ನಾನು ಡ್ರೈವಿಂಗ್ ಕಲಿತದ್ದು ಲೈಸೆನ್ಸ್ ಸಿಕ್ಕ ಮೇಲೆ, ಮಿರಜದ ದಾರಿಯಲ್ಲಿ. ಗಾಡಿ ಗುಂಡಿಗೆ ಬಿದ್ದರೆ ಅತ್ತಿ ಬೈಯುತ್ತಿರಲಿಲ್ಲ. ಎಮ್ಮೆಗೂ ನನಗೂ ಅಪ್ಪನಿಗೂ ದಿನವಿಡೀ ಬೈಯುವವಳು ಅಲ್ಲಿ ಮಾತ್ರ ಸುಮ್ಮನೆ ಕಣ್ಣು ಮುಚ್ಚುತ್ತಿದ್ದಳು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿಯುತ್ತಿದ್ದಳು. ಅದನ್ನು ಓರೆಗಣ್ಣಿನಿಂದ ನೋಡುತ್ತ ನೋಡುತ್ತ, ಗುಂಡಿ ಎಷ್ಟು ದೂರವಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಕ್ಲಚ್ಚು ಎಷ್ಟು ಮೆತ್ತಗೆ ಬಿಡಬೇಕು ಎಂದು ಕಲಿತೆ. ಹಾಗೆ ಓಡಿಸಿದರೆ ಮೈಲೇಜೂ ಹೆಚ್ಚು ಬರುತ್ತದೆ, ಆ ಮಾತು ಬೇರೆ. ಯಾವತ್ತಾದರೂ ಹೋಗಿ ಬರುವವರೆಗೂ ಅವಳು ಒಮ್ಮೆಯೂ ಕಣ್ಣು ಮುಚ್ಚದಿದ್ದರೆ ನನಗೆ ಪರೀಕ್ಷೆ ಪಾಸಾದ ಖುಷಿ.

ಕಾಗವಾಡದಲ್ಲಿ ರಸ್ತೆ ಬದಿಗೆ ಕಬ್ಬಿನ ಹಾಲಿನ ಗಾಣ ಇತ್ತು. ಡಯಾಲಿಸಿಸ್‌ನವರಿಗೆ ನೀರೇ ಅಳತೆಯ ಮೇಲೆ, ಕಬ್ಬಿನ ಹಾಲಂತೂ ದೂರದ ಮಾತು. ಅವಳು ಮಾತ್ರ ಬರುವಾಗ ಗಾಡಿ ಅಲ್ಲಿ ನಿಲ್ಲಿಸಲೇಬೇಕು ಎನ್ನುತ್ತಿದ್ದಳು.

"ನೀ ಕುಡಿ. ನಾ ನೋಡತೀನಿ."

"ನೀ ಇಲ್ಲಿ ಬಾಯಿ ಒಣಗಿಸ್ಕೊಂಡ ಕುಂತರ ನನಗ ಹೆಂಗ ಇಳೀತೈತಿ ಅತ್ತಿ?"

"ಇಳಿಯಾಕ ಏನ ಧಾಡಿ? ಕುಡಿ ಸುಮ್ನ. ಲಿಂಬಿ ಹಾಕ್ಯಾನೇನ? ಹಸಿಶುಂಠಿ?"

"ಎರಡೂ ಹಾಕ್ಯಾನ."

"ಬರ್ಫ?"

"ಅದೂ ಐತಿ."

"ಹಲ್ಲ ಝುಂ ಅಂತಾವೇನ?"

"ಅಂತಾವ."

ಆಮೇಲೆ ಅವಳು ಒಮ್ಮೆ ಉಗುಳು ನುಂಗಿಕೊಂಡು, "ಹೂಂ, ನಡಿ" ಅನ್ನುತ್ತಿದ್ದಳು. ನಾನು ಗ್ಲಾಸು ಖಾಲಿ ಮಾಡದೆ ಇಟ್ಟರೆ ಸಿಟ್ಟಾಗುತ್ತಿದ್ದಳು. ಅಷ್ಟು ಕಷ್ಟದ ಕಬ್ಬಿನ ಹಾಲು ನಾನು ಬೇರೆಲ್ಲೂ ಕುಡಿದಿಲ್ಲ.

ಒಂದು ದಿನ ಕುಡಚಿಯ ಹೊಳೆಯ ಸೇತುವೆಯ ಮೇಲೆ ಆಂಬುಲೆನ್ಸೊಂದು ನಮ್ಮನ್ನು ದಾಟಿ ಹೋಯಿತು. ಹಿಂದಿನ ಗಾಜಿನಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದು ಕಂಡಿತು. ಅದು ಕಣ್ಮರೆಯಾಗುವವರೆಗೂ ಅತ್ತಿ ನೋಡಿದಳು.

ಅವಳ ಗಂಡ, ನನ್ನ ಮಾವ, ಸಾಂಗಲಿಯ ದವಾಖಾನೆಯಿಂದ ಮನೆಗೆ ತರುವಾಗ ದಾರಿಯಲ್ಲಿ ತೀರಿದವನು. ನಮ್ಮ ಮನೆತನಗಳಲ್ಲಿ ಹೊರಗೆ ಜೀವ ಹೋದವರನ್ನು ಹೊಸ್ತಿಲು ದಾಟಿಸಿ ಒಳಗೆ ಒಯ್ಯುವುದಿಲ್ಲ. ಅಂಗಳದಲ್ಲೇ ಕೂರಿಸಿ, ಅಲ್ಲಿಂದಲೇ ಮಣ್ಣಿಗೆ ಒಯ್ಯುತ್ತಾರೆ. ಅವನಿಗೂ ಹಾಗೆಯೇ ಮಾಡಿದ್ದರು. ಅವಳು ಒಳಗೆ, ಅವನು ಹೊರಗೆ.

"ತಮ್ಮಾ, ನನ್ನ ಅದರಾಗ ಮಲಗಿಸಿ ತರಬ್ಯಾಡ್ರಿ," ಅಂದಳು. "ಇದರಾಗ ಕುಂತಗೊಂಡ ಬರ್ತೀನಿ. ಜೀವ ಇರತನ ನನ್ನ ಮನಿ ಒಳಗ ಒಯ್ದಬಿಡು. ನಾ ಕಟ್ಟಿಸಿದ ಮನಿ ಅದು. ಅಂಗಳದಾಗ ಕುಂಡ್ರಾಕ ನಾ ಏನ ಬಡ್ಡಿ ಕೇಳಾಕ ಬಂದಾಕಿ ಅಲ್ಲ."

ನಾನು ನಗಲು ನೋಡಿದೆ. ಅವಳು ನಗಲಿಲ್ಲ. "ಹೂಂ ಅನ್ನು," ಅಂದಳು. ನಾನು ಹೂಂ ಅಂದೆ.

ಆ ಚಳಿಗಾಲ ಅವಳ ಕೈಯ ನರ ಸೂಜಿಗೆ ಸಿಗದಾಯಿತು. ಕುತ್ತಿಗೆಗೆ ನಳಿಕೆ ಹಾಕಿದರು. ಅದಕ್ಕೆ ನಂಜಾಯಿತು. ಆಮೇಲೆ ಹೃದಯದ ಬಡಿತವೇ ಹದಗೆಟ್ಟಿತು. ಹೋದಾಗಲೆಲ್ಲ ಇನ್ನೊಂದು ಕೆಟ್ಟ ಸುದ್ದಿ. ಕೊನೆಗೆ ಒಂದು ಮಧ್ಯಾಹ್ನ ಅಲ್ಲಿನ ನರ್ಸಬಾಯಿ ನಮ್ಮ ಜೊತೆ ಬಂದಿದ್ದ ಅವ್ವನನ್ನು ಬದಿಗೆ ಕರೆದು ಮರಾಠಿಯಲ್ಲಿ, ಮನೆಗೆ ಕರೆದುಕೊಂಡು ಹೋಗಿ, ತಡ ಮಾಡಬೇಡಿ ಅಂದಳು. ಆಂಬುಲೆನ್ಸಿನ ಮಾತು ಬಂದಾಗ ಅತ್ತಿಗೆ ಮಾತಾಡುವ ಶಕ್ತಿ ಇರಲಿಲ್ಲ. ನನ್ನನ್ನು ನೋಡಿ ತಲೆ ಮಾತ್ರ ಅಲ್ಲಾಡಿಸಿದಳು. ನಾನು ಗಾಡಿಯನ್ನು ದವಾಖಾನೆಯ ಬಾಗಿಲಿಗೆ ತಂದೆ. ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಅವಳನ್ನು ಕೂರಿಸಿ, ಬೆಲ್ಟು ಹಾಕಿದೆ. ಅವ್ವ ಹಿಂದೆ ಕೂತು ಎರಡೂ ಕೈಯಿಂದ ಅವಳ ಹೆಗಲು ಹಿಡಿದುಕೊಂಡಳು.

ಅತ್ತಿಗೆ ಎಚ್ಚರ ತಪ್ಪಬಾರದೆಂದು ಅವ್ವ ದಾರಿಯುದ್ದಕ್ಕೂ ಊರು ಹೇಳುತ್ತ ಬಂದಳು. "ಅಕ್ಕಾರ, ಕಾಗವಾಡ ಬಂತ್ರಿ." ಅತ್ತಿ ಹೂಂಗುಟ್ಟಿದಳು. "ಅಕ್ಕಾರ, ಉಗಾರ ಬಂತ್ರಿ." ಹೂಂ.

ಉಗಾರದ ಹತ್ತಿರ ಕಬ್ಬಿನ ಟ್ರಾಕ್ಟರುಗಳು. ಸಕ್ಕರೆ ಕಾರ್ಖಾನೆಯ ಹಂಗಾಮು ಜೋರಿದ್ದ ದಿನಗಳು ಅವು. ಒಂದೊಂದಕ್ಕೆ ಎರಡೆರಡು ಟ್ರೈಲರು, ರಸ್ತೆಯ ತುಂಬ ಒಲೆದಾಡುವ ಕಬ್ಬು, ಹಾರ್ನು ಕೇಳಿಸದಷ್ಟು ಜೋರಾಗಿ ಹಾಡು. ಒಂದನ್ನು ದಾಟಲು ಬಲಕ್ಕೆ ಹೊರಬಂದೆ. ಸೆಕೆಂಡ್ ಗೇರಿಗೆ ಇಳಿಸಿ ಪೂರ್ತಿ ಒತ್ತಿದೆ. ಎಂಜಿನ್ ಅರಚಿತು, ಗಾಡಿ ಓಡಲಿಲ್ಲ. ಎದುರಿಗೆ ಬಸ್ಸು ಬಂತು, ಮತ್ತೆ ಹಿಂದಕ್ಕೆ ಸೇರಿದೆ. ಮತ್ತೆ ಹೊರಬಂದೆ, ಮತ್ತೆ ಸೇರಿದೆ. ಎಂಟುನೂರು ಸಿಸಿಗೆ ಅದಕ್ಕಿಂತ ಹೆಚ್ಚು ದಮ್ಮಿಲ್ಲ. ನನಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನಿಪ್ಪಾಣಿಯ ಆ ಕಪ್ಪು ಕಾರು ಒಂದೇ ಏಟಿಗೆ ದಾಟುತ್ತಿತ್ತು. ಅದೂ ಗೊತ್ತು. ಟ್ರೈಲರಿನ ಹಿಂದೆ ಎತ್ತಿನ ಬಂಡಿಯ ಹಾಗೆ ತೆವಳುತ್ತ, ನಾನು ಸ್ಟೇರಿಂಗಿಗೆ ಬೈದೆ, ಕಬ್ಬಿಗೆ ಬೈದೆ.

"ಅಕ್ಕಾರ, ಕುಡಚಿ ಬಂತ್ರಿ. ಹೊಳಿ ನೋಡ್ರಿ." ಹೂಂ ಎಂದದ್ದು ಕೇಳಿಸಿತೋ, ಕೇಳಿಸಿತೆಂದು ನಾನೇ ಅಂದುಕೊಂಡೆನೋ.

ರಾಯಬಾಗ ಬಂತು. ಬಸ್‌ಸ್ಟ್ಯಾಂಡು ದಾಟಿದೆವು. ರಾಯಬಾಗ ಬಂತು ಎಂದು ಅವ್ವ ಹೇಳಲಿಲ್ಲ.

ನಾನು ಕನ್ನಡಿಯಲ್ಲಿ ನೋಡಿದೆ. ಅವ್ವನ ಕೈ ಅತ್ತಿಯ ಹೆಗಲ ಮೇಲೆಯೇ ಇತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕನ್ನಡಿಯಲ್ಲೇ ನನ್ನನ್ನು ನೋಡಿ ಅವಳು ಮೆಲ್ಲಗೆ ಹೇಳಿದಳು: "ಗಾಡಿ ನಿಲ್ಲಸಬ್ಯಾಡ ತಮ್ಮಾ. ಕೇಳಿದರ ಜೀವ ಐತಿ ಅನ್ನು."

ನಮ್ಮ ಅಂಗಳದಲ್ಲಿ ಜನ ಸೇರಿದ್ದರು. ಹೊರಡುವಾಗ ಅವ್ವ ಫೋನು ಮಾಡಿ ಹೇಳಿದ್ದರಿಂದ ಅತ್ತಿಯ ಖೋಲಿಯಲ್ಲಿ ಕಂಬಳಿ ಹಾಸಿ, ಚೊಂಬಿನಲ್ಲಿ ನೀರಿಟ್ಟು ಕಾಯುತ್ತಿದ್ದರು. ನಮ್ಮ ಮನೆತನದ ಹಿರಿಯ, ನಾನು ದೊಡ್ಡಪ್ಪ ಎನ್ನುವ ಅಪ್ಪನ ಸೋದರ ಸಂಬಂಧಿ, ಕೋಲೂರಿಕೊಂಡು ಕಾರಿನ ಬಾಗಿಲಿಗೆ ಬಂದ.

"ಜೀವ ಐತೇನವಾ?"

"ಐತ್ರಿ," ಅಂದಳು ಅವ್ವ. "ಲಗೂನ ಒಳಗ ಒಯ್ರಿ."

ದೊಡ್ಡಪ್ಪ ಬಗ್ಗಿ ನೋಡಿದ. ಅತ್ತಿಯ ಗದ್ದ ಸಣ್ಣಗೆ ನಡುಗುತ್ತಿತ್ತು. ಎದೆಯ ಮೇಲಿನ ಸೆರಗಿನ ಅಂಚು ಅಲುಗುತ್ತಿತ್ತು. "ಐತಿ ಐತಿ, ಅಲಗ್ಯಾಡಾಕತ್ತಾಳ," ಎಂದು ಹಿಂದಿನವರು ಯಾರೋ ಅಂದರು. ಅಪ್ಪ ಅವಳನ್ನು ಎತ್ತಿಕೊಳ್ಳಲು ಮುಂದೆ ಬಂದ.

ಆ ಅಲುಗಾಟ ಎಂಜಿನ್ನಿನದು ಎಂದು ಅಲ್ಲಿ ತಿಳಿದದ್ದು ನನಗೆ ಒಬ್ಬನಿಗೇ. ಈ ಸಣ್ಣ ಗಾಡಿಗಳಿಗೆ ಮೂರೇ ಸಿಲಿಂಡರು. ನಾಲ್ಕು ಇದ್ದರೆ ಒಂದರ ಅದುರು ಇನ್ನೊಂದು ಹಿಡಿಯುತ್ತದೆ. ಮೂರಾದರೆ ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಇದ್ದಾಗ ಇಡೀ ಗಾಡಿ ನಡುಗುತ್ತದೆ. ಸೀಟು ನಡುಗುತ್ತದೆ. ಸೀಟಿನಲ್ಲಿ ಕೂತವರೂ ನಡುಗುತ್ತಾರೆ.

ದೊಡ್ಡಪ್ಪ ಅಪ್ಪನನ್ನು ಕೈಯಿಂದ ತಡೆದು, ಅತ್ತಿಯ ಮೂಗಿನ ಕೆಳಗೆ ಬೆರಳು ಹಿಡಿದ. ಬಹಳ ಹೊತ್ತು ಹಿಡಿದ.

"ಗಾಡಿ ಬಂದ್ ಮಾಡ ತಮ್ಮಾ. ಉಸರ ತಿಳಿವಲ್ದು."

"ಬಂದ್ ಮಾಡಿದರ ಮತ್ತ ಚಾಲೂ ಆಗೂದಿಲ್ರಿ ದೊಡ್ಡಪ್ಪಾ," ಅಂದೆ. "ಬ್ಯಾಟರಿ ಹೋಗೇತಿ. ಮೊದಲ ಒಳಗ ಒಯ್ರಿ."

ಅವನು ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

"ಇನ್ನ ಎಲ್ಲಿಗಿ ಹೋಗೂದೈತಿ ತಮ್ಮಾ," ಅಂದ.

ನಾನು ಕೀಲಿ ತಿರುಗಿಸಿದೆ. ಗದ್ದ ನಿಂತಿತು. ಸೆರಗು ನಿಂತಿತು.

ಅವಳನ್ನು ಅವಳ ಕಟ್ಟೆಯ ಮೇಲೆ, ಅವಳ ಗೋಡೆಗೆ ಆನಿಸಿ ಕೂರಿಸಿದರು. ಹಿಂದೆ ಬಾಗಿಲು ತೆರೆದೇ ಇತ್ತು. ಒಳಗೆ ಹಾಸಿದ ಕಂಬಳಿ ಅಂಗಳದವರೆಗೂ ಕಾಣುತ್ತಿತ್ತು. ಸಂಜೆಯಾಗುತ್ತಿದ್ದಂತೆ ಎಮ್ಮೆಗಳು ಒದರಲು ಶುರು ಮಾಡಿದವು. ಹಿಂಡುವ ಹೊತ್ತು. ಅವ್ವ ಎದ್ದು, ಹಾಲಿನ ಪಾತ್ರೆ ತರಲು ಅತ್ತಿಯನ್ನು ದಾಟಿ, ಆ ಹೊಸ್ತಿಲ ಮೇಲೆ ಕಾಲಿಟ್ಟು ಒಳಗೆ ಹೋದಳು.