ಸೊಟ್ಟಗೇ ಇರಬೇಕಾದ ಎಸಿ

ನನ್ನ ಯಜಮಾನರು ಇಪ್ಪತ್ತಾರು ವರ್ಷ ಕಂಡವರ ಮನೆ ಕಿಟಕಿಗೆಲ್ಲ ಎಸಿ ಕೂರಿಸಿದರು. ಕಿಟಕಿ ಎಸಿಯ ಹಿಂಭಾಗ ಒಂದು ಬೆರಳಷ್ಟು ತಗ್ಗಿರಬೇಕು, ಆಗಲೇ ನೀರು ಹೊರಗೆ ಹೋಗುವುದು. ಇದು ಅವರಿಗೆ ನಿದ್ದೆಯಲ್ಲೂ ಗೊತ್ತಿತ್ತು.

ನಮ್ಮ ಮನೆಗೆ ಕೂರಿಸಿದ ದಿನ ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. "ರೀ, ಸೊಟ್ಟಗಿದೆ. ನೇರ ಮಾಡಿ."

"ನೀರು ಒಳಗೆ ಬೀಳುತ್ತೆ ಕಣೇ."

"ನಂಟರು ನೋಡಿದ್ರೆ ನಗ್ತಾರೆ."

ನೇರ ಮಾಡಿದರು. ಅವತ್ತಿನಿಂದ ಪ್ರತಿ ಬೇಸಿಗೆ ಮಂಚದ ಪಕ್ಕ ಬಕೆಟ್ಟು. ಯಾರಾದರೂ ಕೇಳಿದರೆ, "ಸ್ವಂತ ಮನೆ ಕೆಲಸ ಅಲ್ವಾ, ಹಂಗೇ ಆಗೋದು" ಎಂದು ನಗುತ್ತಿದ್ದರು. ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಅವರು ಹೋಗಿ ನಾಲ್ಕು ತಿಂಗಳಾಯಿತು. ಬಕೆಟ್ಟು ಎತ್ತಿ ಸುರಿಯಲು ನನ್ನ ಸೊಂಟ ಕೇಳುವುದಿಲ್ಲ. ಅವರ ಜೊತೆ ಎಸಿ ಅಂಗಡಿಯಲ್ಲಿ ದುಡಿದ ಮೆಕ್ಯಾನಿಕ್‌ನನ್ನು ಕರೆಸಿದೆ. ನೋಡಿದವನೇ ಹಣೆ ಚಚ್ಚಿಕೊಂಡ.

"ಏನತ್ತಿಗೆ, ನಮಗೆಲ್ಲ ಕೆಲಸ ಕಲಿಸಿದ ಅಣ್ಣ ಸ್ವಂತ ಮನೇಲೇ ಹಿಂಗಾ ಮಾಡೋದು! ಅಂಗಡೀಲಿ ಹೇಳಿದ್ರೆ ಎಲ್ಲಾ ಬಿದ್ದು ಬಿದ್ದು ನಗ್ತಾರೆ."

ನನಗೆ ತಡೆಯಲಾಗಲಿಲ್ಲ. "ಹೇಳೋದಾದ್ರೆ ಪೂರ್ತಿ ಹೇಳು. ಅವರು ಸರಿಯಾಗೇ ಕೂರಿಸಿದ್ರು. ಹಟ ಹಿಡಿದು ನೇರ ಮಾಡಿಸಿದ್ದು ನಾನು. ನನ್ನ ನೋಡಿ ನಗ್ಲಿ."

ಅವನು ಸ್ಕ್ರೂ ಸಡಿಲಿಸಿ, ಎಸಿಯ ಮುಂಭಾಗಕ್ಕೆ ಮರದ ಚೂರು ಕೊಟ್ಟು ಎತ್ತರಿಸಿದ.

ಈಗ ನೀರು ಹೊರಗೆ ಹೋಗುತ್ತದೆ. ಎಸಿ ಸೊಟ್ಟಗೆ ಕಾಣುತ್ತದೆ. ಬಂದ ನಂಟರಿಗೆಲ್ಲ ನಾನೇ ಕರೆದು ತೋರಿಸುತ್ತೇನೆ. "ನೋಡಿ, ಹಿಂಗೇ ಇರಬೇಕು ಅಂತ ನಮ್ಮ ಯಜಮಾನರು ಅವತ್ತೇ ಅಂದಿದ್ರು."